ಬೆಲ್ ಹೊಡೆದಿದ್ದೆನಲ್ಲ: ಚಿಕ್ಕಮಗಳೂರಿನ ಕೆರೆ ಏರಿಯೊಂದರ ಪ್ರಕರಣ

ಚಿಕ್ಕಮಗಳೂರು ನಗರದ ಒಳಗೂ ಅಂಚಿನಲ್ಲೂ ಬಸವನಹಳ್ಳಿ ಕೆರೆ, ಕೋಟೆ ಕೆರೆ, ದಂಟರಮಕ್ಕಿ ಕೆರೆ ಎಂದು ಹಲವು ಕೆರೆಗಳಿವೆ. ಈ ಭಾಗದ ಒಂದು ಕೆರೆಯ ಏರಿ ಮೇಲೆ, ಪುಷ್ಯ ಮಳೆ ಹಿಡಿದಿದ್ದ ವಾರದಲ್ಲಿ, ಹತ್ತನೇ ತರಗತಿಯ ಹುಡುಗನೊಬ್ಬನ ಸೈಕಲ್ ತಗುಲಿ 64 ವರ್ಷದ ನಿವೃತ್ತ ಶಿಕ್ಷಕಿಯೊಬ್ಬರು ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಯಾವ ಕೆರೆ ಎಂದು ಬರೆದರೆ ಆ ಬಡಾವಣೆಯವರಿಗೆ ಇಬ್ಬರ ಗುರುತೂ ಹತ್ತುತ್ತದೆ. ಅದಕ್ಕೇ ಹೆಸರುಗಳನ್ನೆಲ್ಲ ಬಿಟ್ಟಿದ್ದೇನೆ. ಶಿಕ್ಷಕಿಯನ್ನು ಅಲ್ಲಿ ಎಲ್ಲರೂ ‘ಟೀಚರ್’ ಎನ್ನುತ್ತಾರೆ, ಇಲ್ಲೂ ಹಾಗೇ ಇರಲಿ.

ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿಯೂ ಆಗದಷ್ಟು ಚಿಕ್ಕ ಘಟನೆ. ಆದರೆ ಅದರ ಹಿಂದೆ ಹೊತ್ತಿಕೊಂಡ ಮಾತು ಏರಿ ಮೇಲೆ ಸೈಕಲ್ಲನ್ನೇ ನಿಲ್ಲಿಸಬೇಕು ಎನ್ನುವ ತನಕ ಹೋಗಿ, ಅಲ್ಲಿಂದ ಹಿಂದಕ್ಕೆ ಬಂದು, ಕೊನೆಗೆ ಒಂದು ಒಪ್ಪಂದದಲ್ಲಿ ನಿಂತಿತು. ಎರಡೂ ಮನೆಯವರ ಪರಿಚಯ ಇದ್ದದ್ದರಿಂದ ಮಾತುಕತೆಯಲ್ಲಿ ನಾನೂ ಕೂತಿದ್ದೆ. ನಾನು ಸೈಕಲ್ ತುಳಿಯುವವನು. ಸಂಜೆ ಅದೇ ದಾರಿಯಲ್ಲಿ ಅಮ್ಮನನ್ನು ಕರೆದುಕೊಂಡು ನಡೆಯುವವನೂ ಹೌದು. ಹಾಗಾಗಿ ಎರಡೂ ಕಡೆಯ ಸಿಟ್ಟು ನನಗೆ ಅರ್ಥವಾಗುತ್ತಿತ್ತು.

ದಾರಿ ಹೇಗಿದೆ

ಏರಿಯ ಉದ್ದ ಮುಕ್ಕಾಲು ಕಿಲೋಮೀಟರ್ ಇರಬಹುದು. ಇಂಟರ್‌ಲಾಕ್ ಕಲ್ಲು ಹಾಸಿದ ದಾರಿ ಎಂಟು ಅಡಿ ಅಗಲ, ತೂಬಿನ ಹತ್ತಿರ ಮಾತ್ರ ಐದಡಿಗೆ ಇಳಿಯುತ್ತದೆ. ಒಂದು ಕಡೆ ನೀರು ಮತ್ತು ತಂತಿ ಬೇಲಿ, ಇನ್ನೊಂದು ಕಡೆ ಹುಲ್ಲಿನ ಇಳಿಜಾರು. ಕೋಡಿಯ ಕಡೆಯಿಂದ ತೂಬಿನ ತನಕ ದಾರಿ ಸ್ವಲ್ಪ ಇಳಿಮುಖ. ನಡೆಯುವವರಿಗೆ ಅದು ಗೊತ್ತೇ ಆಗುವುದಿಲ್ಲ, ಸೈಕಲ್ಲಿಗೆ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಕಲ್ಲಿನ ಸಂದಿಯಲ್ಲಿ ಪಾಚಿ ಕಟ್ಟುತ್ತದೆ.

ಬೆಳಿಗ್ಗೆ ಆರರಿಂದ ಎಂಟರ ತನಕ ಇಲ್ಲಿ ಕಾಣುವವರು: ವಾಕಿಂಗ್ ಬರುವ ಹಿರಿಯರು, ಟ್ಯೂಷನ್ನಿಗೆ ಹೋಗುವ ಮಕ್ಕಳು, ಹಾಲಿನ ಕ್ಯಾನ್ ಕಟ್ಟಿಕೊಂಡ ಒಬ್ಬರು, ಪೋಲಿಯೋದಿಂದ ಕಾಲು ಸೋತು ಕೈಯಲ್ಲಿ ತುಳಿಯುವ ಮೂರು ಗಾಲಿಯ ಸೈಕಲ್ಲಿನಲ್ಲಿ ಪೇಟೆಯ ತನ್ನ ಅಂಗಡಿಗೆ ಹೋಗುವ ಒಬ್ಬರು. ವಾರದ ಕೊನೆಯಲ್ಲಿ ಇವರ ಜೊತೆಗೆ ಬೆಟ್ಟದ ಕಡೆ ಹೋಗಿಬರುವ ಹವ್ಯಾಸಿ ಸೈಕಲ್ ಸವಾರರು.

ಮಕ್ಕಳು ಇಲ್ಲಿ ಯಾಕೆ ಬರುತ್ತಾರೆ ಎನ್ನುವುದಕ್ಕೆ ಉತ್ತರ ಸುಲಭ. ಏರಿ ಬಿಟ್ಟರೆ ಅವರಿಗಿರುವುದು ಹೆದ್ದಾರಿಗೆ ಸೇರುವ ದೊಡ್ಡ ರಸ್ತೆ. ಬಸ್ಸು, ಟಿಪ್ಪರ್, ಶನಿವಾರ-ಭಾನುವಾರ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗೆ ಹೊರಟ ಬೆಂಗಳೂರಿನ ಕಾರುಗಳ ಸಾಲು. ಆ ರಸ್ತೆಯ ಅಂಚಿನಲ್ಲಿ ಸೈಕಲ್ಲಿಗೆಂದು ಒಂದಡಿ ಜಾಗವೂ ಇಲ್ಲ. ಅಂಗಡಿಯವರ ಬೋರ್ಡು, ನಿಂತ ಬೈಕು, ಚರಂಡಿಯ ಮುರಿದ ಹಾಸುಗಲ್ಲು ಎಲ್ಲ ಅಲ್ಲೇ. ಮಕ್ಕಳನ್ನು ಏರಿ ಮೇಲೆ ಹೋಗು ಎಂದು ಕಳಿಸಿದವರು ಅಪ್ಪ-ಅಮ್ಮಂದಿರೇ. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಸೈಕಲ್ ಮನೆಗೆ ಬಂತು, ಅದನ್ನು ಓಡಿಸುವ ದಾರಿ ಬರಲಿಲ್ಲ. ಈ ಪ್ರಕರಣದ ಬೇರು ಇಲ್ಲಿದೆ ಎಂದೇ ನನ್ನ ಅಭಿಪ್ರಾಯ. ಹಾಗೆಂದು ಆ ಬೆಳಿಗ್ಗೆ ನಡೆದದ್ದರ ಹೊಣೆಯನ್ನೆಲ್ಲ ರಸ್ತೆಯ ಮೇಲೆ ಹೊರಿಸಿ ಕೈ ತೊಳೆದುಕೊಳ್ಳಲು ಬರುವುದಿಲ್ಲ.

ಆ ಬೆಳಿಗ್ಗೆ

ಆರೂವರೆಯ ಸಮಯ, ಜಿಟಿಜಿಟಿ ಮಳೆ. ಟೀಚರ್ ಮತ್ತು ಅವರ ಇಬ್ಬರು ಗೆಳತಿಯರು ಕೋಡಿಯಿಂದ ತೂಬಿನ ಕಡೆ ನಡೆಯುತ್ತಿದ್ದರು. ಇಬ್ಬರು ಮುಂದೆ ಅಕ್ಕಪಕ್ಕ, ಒಬ್ಬರು ಅರ್ಧ ಹೆಜ್ಜೆ ಹಿಂದೆ. ಮೂವರ ಕೈಯಲ್ಲೂ ಕೊಡೆ. ಟೀಚರ್ ಚಳಿಗೆ ಕಿವಿ ಮುಚ್ಚುವಂತೆ ಸ್ಕಾರ್ಫ್ ಕಟ್ಟಿದ್ದರು. ಹಿಂದಿನಿಂದ ಹುಡುಗ ಬಂದ. ಮೈಮೇಲೆ ರೇನ್‌ಕೋಟು, ತಲೆಗೆ ಅದರದೇ ಟೋಪಿ, ಬೆನ್ನಿಗೆ ಪುಸ್ತಕದ ಚೀಲ. ಸೆಕೆಂಡ್ ಹ್ಯಾಂಡ್ ಗೇರ್ ಸೈಕಲ್. ಟ್ಯೂಷನ್ನಿಗೆ ಹತ್ತು ನಿಮಿಷ ತಡವಾಗಿತ್ತು.

ನೇರಳೆ ಮರದ ಹತ್ತಿರ ಅವನು ಬೆಲ್ ಹೊಡೆದ. ಬೇಗ ಬೇಗ, ಮೂರು ನಾಲ್ಕು ಸಲ. ಹಿಂದಿದ್ದ ಗೆಳತಿ ಎಡಕ್ಕೆ ಸರಿದರು. ಟೀಚರ್ ಒಂದು ಕ್ಷಣ ನಿಂತು, ಕತ್ತು ತಿರುಗಿಸುತ್ತಾ ಬಲಕ್ಕೆ ಹೆಜ್ಜೆ ಇಟ್ಟರು. ಹುಡುಗ ನುಗ್ಗಲು ಆರಿಸಿಕೊಂಡಿದ್ದ ಸಂದು ಅದೇ ಬಲಗಡೆಯದು. ಬ್ರೇಕ್ ಹಿಡಿದ, ಸೈಕಲ್ ನಿಲ್ಲಲಿಲ್ಲ. ಹ್ಯಾಂಡಲ್ಲಿನ ತುದಿ ಕೊಡೆಗೂ ಮೊಣಕೈಗೂ ತಾಗಿತು. ಟೀಚರ್ ಬೀಳುವಾಗ ಕೈ ಊರಿದರು.

ಕೈ ಊರಿ ಬಿದ್ದಾಗ ಮೈಯ ಭಾರವೆಲ್ಲ ಮುಂಗೈ ಮೂಳೆಯ ತುದಿಗೆ, ಮಣಿಕಟ್ಟಿನ ಮೇಲ್ಭಾಗಕ್ಕೆ ಬೀಳುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆಯ ಸಾಂದ್ರತೆ ಇಳಿಯುವುದರಿಂದ ಈ ವಯಸ್ಸಿನಲ್ಲಿ ಅದು ಸುಲಭವಾಗಿ ಮುರಿಯುತ್ತದೆ. 1814ರಲ್ಲಿ ಅಬ್ರಹಾಂ ಕಾಲಿಸ್ ಎಂಬ ಐರಿಷ್ ವೈದ್ಯ ಇದನ್ನು ವಿವರಿಸಿದ್ದರಿಂದ ಡಾಕ್ಟರುಗಳು ಈಗಲೂ ಕಾಲಿಸ್ ಫ್ರ್ಯಾಕ್ಚರ್ ಎನ್ನುತ್ತಾರೆ. ಮೂಳೆ ಜರುಗಿದ್ದರಿಂದ ಅದನ್ನು ಸರಿ ಕೂರಿಸಿ ಆರು ವಾರದ ಪ್ಲಾಸ್ಟರ್ ಹಾಕಿದರು. ಆರು ವಾರ ಎಂದರೆ ಕೇಳುವವರಿಗೆ ಕಡಿಮೆ ಅನ್ನಿಸಬಹುದು. ಒಂಟಿಯಾಗಿರುವ ಹೆಂಗಸಿಗೆ ಬಲಗೈ ಇಲ್ಲವೆಂದರೆ ಸೀರೆ ಉಡುವುದು, ತಲೆ ಬಾಚುವುದು, ಕುಕ್ಕರ್ ಮುಚ್ಚಳ ತೆಗೆಯುವುದು ಎಲ್ಲಕ್ಕೂ ಇನ್ನೊಬ್ಬರನ್ನು ಕರೆಯಬೇಕು. ಪ್ಲಾಸ್ಟರ್ ತೆಗೆದ ಮೇಲೂ ಬಿಗಿದ ಬೆರಳು ಸಡಿಲವಾಗಲು ವ್ಯಾಯಾಮ ಬೇರೆ. ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ, ‘ಸೈಕಲ್ ತಾಗಿದ್ದು ತಾನೇ’ ಎಂದು ಆ ವಾರ ಹಲವರ ಬಾಯಲ್ಲಿ ಕೇಳಿದ್ದು.

ಜಗಳ ಎಲ್ಲಿ ಸಿಕ್ಕಿಕೊಂಡಿತು

ಮೊದಲ ದಿನದಿಂದಲೂ ವಾದವೆಲ್ಲ ಒಂದೇ ಪ್ರಶ್ನೆಯ ಸುತ್ತ: ಹುಡುಗ ಬೆಲ್ ಹೊಡೆದಿದ್ದನೋ ಇಲ್ಲವೋ. ಹುಡುಗನ ಕಡೆಯವರು ‘ಅಷ್ಟು ಸಲ ಬೆಲ್ ಹೊಡೆದರೂ ಸರಿಯಲಿಲ್ಲ, ಮೂರು ಜನ ದಾರಿ ತುಂಬ ನಡೆದರೆ ಸೈಕಲ್ ಎಲ್ಲಿ ಹೋಗಬೇಕು’ ಎಂದರು. ವಾಕಿಂಗಿನವರು ‘ಬೆಲ್ ಕೇಳಲೇ ಇಲ್ಲ’ ಎಂದರು. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನ ಇದೇ ನಡೆಯಿತು. ಅಷ್ಟರಲ್ಲಿ ಯಾರೋ ಏರಿಯ ಎರಡೂ ತುದಿಗೆ ಕಬ್ಬಿಣದ ಗೂಟ ಹೂತು ಸರಪಳಿ ಹಾಕಬೇಕು, ಸೈಕಲ್ ಪೂರ್ತಿ ಬಂದ್ ಮಾಡಬೇಕು ಎಂದು ನಗರಸಭೆಗೆ ಕೊಡಲು ಅರ್ಜಿ ಬರೆದು ಸಹಿ ಸಂಗ್ರಹಿಸತೊಡಗಿದರು.

ಬೆಂಗಳೂರಿನಿಂದ ಬಂದಿದ್ದ ಟೀಚರ ಮಗ ಪೊಲೀಸ್ ದೂರಿನ ಮಾತೆತ್ತಿದರು. ಸೈಕಲ್ಲಿಗೆ ಕಾನೂನೇ ಇಲ್ಲ ಎಂದು ನಂಬಿದವರು ಬಹಳ ಜನ ಇರುವುದರಿಂದ ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸೈಕಲ್ ಮೋಟಾರು ವಾಹನವಲ್ಲ ಎನ್ನುವುದು ನಿಜ. ಲೈಸೆನ್ಸ್, ನೋಂದಣಿ, ವಿಮೆ ಯಾವುದೂ ಬೇಡ. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಸಾರ್ವಜನಿಕ ದಾರಿಯಲ್ಲಿ ‘ಯಾವುದೇ ವಾಹನ’ವನ್ನು ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಓಡಿಸುವುದನ್ನು ಅಪರಾಧ ಎನ್ನುತ್ತದೆ. ಅದರಲ್ಲಿ ಸೈಕಲ್ಲೂ ಬರುತ್ತದೆ. ಆರು ತಿಂಗಳ ತನಕ ಸೆರೆ ಅಥವಾ 1,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಅಜಾಗರೂಕತೆಯಿಂದ ಇನ್ನೊಬ್ಬರ ಮೂಳೆ ಮುರಿದರೆ ಅದು ತೀವ್ರ ಗಾಯ. 125ನೇ ಕಲಮಿನಲ್ಲಿ ಶಿಕ್ಷೆ ಮೂರು ವರ್ಷದ ತನಕ ಏರುತ್ತದೆ. ಹುಡುಗನಿಗೆ ಹದಿನೆಂಟು ತುಂಬಿರಲಿಲ್ಲವಾದ್ದರಿಂದ ವಿಷಯ 2015ರ ಬಾಲನ್ಯಾಯ ಕಾಯ್ದೆಯಡಿ ಹೋಗುತ್ತಿತ್ತು.

ಇನ್ನೊಂದು ಅಂಶವನ್ನು ಯಾರೂ ಯೋಚಿಸಿರಲಿಲ್ಲ. ಬೈಕ್ ಗುದ್ದಿದ್ದರೆ ಕಡ್ಡಾಯವಾದ ಮೂರನೇ ವ್ಯಕ್ತಿಯ ವಿಮೆ ಇರುತ್ತಿತ್ತು, ಪರಿಹಾರಕ್ಕೆ ನ್ಯಾಯಮಂಡಳಿ ಇರುತ್ತಿತ್ತು. ಸೈಕಲ್ಲಿಗೆ ಎರಡೂ ಇಲ್ಲ. ಆಸ್ಪತ್ರೆಯ ಖರ್ಚು ಗಾಯಗೊಂಡವರ ಕೈಯಿಂದ ಅಥವಾ ಸವಾರನ ಮನೆಯಿಂದ ಬರಬೇಕು. ಹುಡುಗನ ಅಪ್ಪ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕೆಲಸ ಮಾಡುವವರು. ಎಷ್ಟಾದರೂ ತಾವೇ ಕೊಡುವುದಾಗಿ ಮೊದಲ ದಿನವೇ ಹೇಳಿದ್ದರು. ಅವರು ಕಂತಿನಲ್ಲಿ ಕೊಟ್ಟರು, ಪೂರ್ತಿ ಕೊಟ್ಟರು.

ಟೀಚರ್ ದೂರು ಬೇಡ ಎಂದರು. ಆದರೆ ಹುಡುಗನನ್ನು ಮನೆಗೆ ಕರೆಸಿದರು. ಅಪ್ಪನೂ ಜೊತೆಗೆ ಬಂದರು. ನಾನೂ ಇನ್ನಿಬ್ಬರೂ ಇದ್ದೆವು. ಹುಡುಗ ಬಾಗಿಲಲ್ಲೇ ನಿಂತು ಅಳು ತಡೆದುಕೊಳ್ಳುತ್ತಿದ್ದ.

‘ಟೀಚರ್, ಅವನು ಬೆಲ್ ಹೊಡೆದಿದ್ದು ನಿಜ. ಸುಳ್ಳು ಹೇಳೋ ಹುಡುಗ ಅಲ್ಲ’ ಎಂದರು ಅಪ್ಪ.

‘ಹೊಡೆದಿದ್ದಾನೆ. ನಂಗೂ ಕೇಳಿಸ್ತು ಕಣ್ರೀ. ಬಾ ಮರಿ, ಕೂತ್ಕೋ. ಬೆಲ್ ಹೊಡೆದಾಗ ನಾನು ಏನು ಮಾಡ್ತೀನಿ ಅಂತ ಅಂದ್ಕೊಂಡಿದ್ದೆ?’

‘ಪಕ್ಕಕ್ಕೆ ಹೋಗ್ತೀರ ಅಂತ.’

‘ಯಾವ ಪಕ್ಕಕ್ಕೆ?’

ಹುಡುಗ ಸುಮ್ಮನಾದ. ನಾವೂ ಸುಮ್ಮನಾದೆವು. ಅಷ್ಟು ದಿನದ ಜಗಳದಲ್ಲಿ ಯಾರೂ ಕೇಳದೇ ಇದ್ದ ಪ್ರಶ್ನೆ ಅದು. ಬೆಲ್ ಹೊಡೆದಿದ್ದಾನೆ, ಅದು ಕೇಳಿಸಿದೆ, ಅವರು ಸರಿದೂ ಇದ್ದಾರೆ. ಅಪಘಾತ ಆದದ್ದು ಸರಿದದ್ದರಿಂದಲೇ.

ಲೆಕ್ಕ ಹಾಕಿದಾಗ

ಮುಂದಿನ ಭಾನುವಾರ ಟೇಪು ಹಿಡಿದು ಏರಿ ಮೇಲೆ ಹೋದೆವು. ನೇರಳೆ ಮರದಿಂದ ಟೀಚರ್ ಬಿದ್ದ ಜಾಗಕ್ಕೆ ಹತ್ತು ಮೀಟರ್. ಹುಡುಗ ಅದೇ ರೀತಿ ತುಳಿದು ತೋರಿಸಿದಾಗ ಮೊಬೈಲಿನಲ್ಲಿ ಕಂಡ ವೇಗ ಗಂಟೆಗೆ 18 ಕಿಲೋಮೀಟರ್ ಆಸುಪಾಸು. ಅವನ ಲೆಕ್ಕದಲ್ಲಿ ಅದು ಜೋರೇ ಅಲ್ಲ. ದೊಡ್ಡ ರಸ್ತೆಯಲ್ಲಾದರೆ ಹೌದು, ಹಿಂದಿನ ಬಸ್ಸು ಹಾರ್ನ್ ಹೊಡೆಯುವಷ್ಟು ನಿಧಾನ. ಆದರೆ 18 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಐದು ಮೀಟರ್. ಹಿರಿಯರ ನಡಿಗೆ ಸೆಕೆಂಡಿಗೆ ಒಂದು ಮೀಟರಿನ ಹತ್ತಿರ. ಬೆಲ್ ಕೇಳಿದ ಮೇಲೆ ಟೀಚರಿಗೆ ಸಿಕ್ಕಿದ್ದು ಎರಡು ಸೆಕೆಂಡು. ಸ್ಕಾರ್ಫಿನ ಒಳಗಿಂದ ಸದ್ದು ಗುರುತಿಸಿ, ಅದು ಯಾವ ಕಡೆಯದು ಎಂದು ತಿಳಿದು, ಕೊಡೆಯ ಜೊತೆ ಕತ್ತು ತಿರುಗಿಸಿ, ಒದ್ದೆ ಕಲ್ಲಿನ ಮೇಲೆ ಹೆಜ್ಜೆ ಬದಲಿಸುವುದಕ್ಕೆ ಆ ವಯಸ್ಸಿನಲ್ಲಿ ಅಷ್ಟು ಸಮಯ ಬೇಕೇ ಬೇಕು. ಅವರು ಹೆಜ್ಜೆ ಇಡುವ ಹೊತ್ತಿಗೆ ಸೈಕಲ್ ಪಕ್ಕಕ್ಕೇ ಬಂದಿತ್ತು.

ವಯಸ್ಸಾದಂತೆ ಮೊದಲು ಮಂಕಾಗುವುದು ಸೂಕ್ಷ್ಮ, ಕೀರಲು ದನಿಗಳು. ಬೆಲ್ಲಿನ ಕಿಣಿಕಿಣಿ ಆ ಜಾತಿಯದು. ಒಂದು ಕಿವಿ ಇನ್ನೊಂದಕ್ಕಿಂತ ಮಂದವಾಗಿದ್ದರಂತೂ ಸದ್ದು ಎತ್ತಲಿಂದ ಬಂತು ಎಂದು ಗುರುತಿಸುವುದು ಕಷ್ಟ. ಕಿವಿಯೇ ಕೇಳದವರಿಗೆ, ಇಯರ್‌ಫೋನ್ ಹಾಕಿದವರಿಗೆ, ಎರಡು ವರ್ಷದ ಮಗುವಿಗೆ ಬೆಲ್ ಇದ್ದೂ ಇಲ್ಲದ ಹಾಗೆ. ಬೆಲ್ ಕೇಳಿಸಿರುತ್ತದೆ ಎಂದು ನಂಬಿ ಸೈಕಲ್ ಬಿಡುವವನು ಎದುರಿನವರ ಕಿವಿ, ಕಣ್ಣು, ಕಾಲು ಎಲ್ಲವೂ ತನ್ನವುಗಳಷ್ಟೇ ಚುರುಕು ಎಂದು ಭಾವಿಸಿರುತ್ತಾನೆ.

ಇನ್ನು ಬ್ರೇಕು. ರಿಮ್ಮಿಗೆ ರಬ್ಬರು ಒತ್ತುವ ಬ್ರೇಕಿನಲ್ಲಿ ಮಳೆಯ ದಿನ ಗಾಲಿಯ ಮೊದಲ ಒಂದೆರಡು ಸುತ್ತು ನೀರು ಒರೆಸುವುದಕ್ಕೇ ಹೋಗುತ್ತದೆ, ಹಿಡಿತ ಸಿಗುವುದು ಆಮೇಲೆ. 26 ಇಂಚಿನ ಗಾಲಿ ಒಂದು ಸುತ್ತಿಗೆ ಎರಡು ಮೀಟರ್ ಚಿಲ್ಲರೆ ಹೋಗುತ್ತದೆ. ಅಂದರೆ ನಾಲ್ಕು ಮೀಟರ್ ಅಲ್ಲೇ ಹೋಯಿತು. ಅಪಾಯ ಕಂಡು ಬ್ರೇಕಿಗೆ ಕೈ ಹಾಕುವ ಒಂದು ಸೆಕೆಂಡಿಗೆ ಐದು ಮೀಟರ್. ಹಿಡಿತ ಸಿಕ್ಕಿದ ಮೇಲೆ ನಿಲ್ಲಲು ಇನ್ನು ನಾಲ್ಕೈದು ಮೀಟರ್. ಒಟ್ಟು ಹದಿಮೂರು-ಹದಿನಾಲ್ಕು ಮೀಟರ್ ಬೇಕಿದ್ದ ಕಡೆ ಇದ್ದದ್ದು ಹತ್ತು. ಜೊತೆಗೆ ಹಿಂದಿನ ಬ್ರೇಕಿನ ರಬ್ಬರು ಸವೆದಿತ್ತು, ಕೇಬಲ್ ಸಡಿಲವಾಗಿತ್ತು. ಅದೇ ಹುಡುಗ ನಡಿಗೆಯ ವೇಗದಲ್ಲಿ ಬಂದಿದ್ದರೆ ಕಾಲು ಊರಿದ್ದರೂ ಸೈಕಲ್ ನಿಲ್ಲುತ್ತಿತ್ತು. ಹೊಡೆತದ ಶಕ್ತಿಯೂ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 18ರ ಬದಲು 9 ಕಿಲೋಮೀಟರ್ ವೇಗವಿದ್ದರೆ ಅದು ಕಾಲು ಭಾಗಕ್ಕೆ ಇಳಿಯುತ್ತಿತ್ತು.

ನನ್ನ ಮಟ್ಟಿಗೆ ವಾದವನ್ನು ತೀರ್ಮಾನಿಸಿದ್ದು ಅಗಲದ ಲೆಕ್ಕ. ದಾರಿ ಎಂಟಡಿ. ಬಿಚ್ಚಿದ ಕೊಡೆಯೊಂದು ಮೂರಡಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ, ಎರಡು ಕೊಡೆಗೆ ಆರೂವರೆ ಅಡಿ ಎನ್ನಿ. ಉಳಿಯುವುದು ಒಂದೂವರೆ ಅಡಿ. ಗೇರ್ ಸೈಕಲ್ಲಿನ ಹ್ಯಾಂಡಲ್ ಎರಡಡಿಗೂ ಹೆಚ್ಚು. ಅಂದರೆ ಅವರಲ್ಲಿ ಒಬ್ಬರು ದಾರಿ ಬಿಟ್ಟು ಹುಲ್ಲಿಗೆ ಇಳಿಯದೆ ಹುಡುಗ ಹಾದುಹೋಗಲು ಸಾಧ್ಯವೇ ಇರಲಿಲ್ಲ. ನುಗ್ಗುವ ನಿರ್ಧಾರ ಮಾಡಿ ಬೆಲ್ ಹೊಡೆದಾಗ ಅವನು ಕೇಳಿದ್ದು ಜಾಗವನ್ನಲ್ಲ, ಅವರು ದಾರಿ ಬಿಟ್ಟುಕೊಡಬೇಕೆಂದು. ಹಾಗೆ ಕೇಳುವ ಹಕ್ಕು ಸೈಕಲ್ಲಿಗಿಲ್ಲ. ಗೆಳತಿಯರ ಜೊತೆ ಅಕ್ಕಪಕ್ಕ ಮಾತಾಡುತ್ತಾ ನಡೆಯುವುದು ನಡೆಯುವ ದಾರಿಯಲ್ಲಿ ತಪ್ಪೇ ಅಲ್ಲ. ನಡೆಯುವವರ ಬೆನ್ನಿಗೆ ಕನ್ನಡಿ ಇರುವುದಿಲ್ಲ. ಹಿಂದೆ ಬರುವವನೇ ನೋಡಿಕೊಂಡು ಬರಬೇಕು, ಜಾಗ ಇಲ್ಲದಿದ್ದರೆ ಕಾಯಬೇಕು.

ಇದನ್ನು ಹೇಳಿದಾಗ ಹುಡುಗನ ಜೊತೆಯವರಿಗೆ ಬೇಸರವಾಯಿತು. ಅವರಿಗೆ ನಾನು ಕೇಳಿದ್ದು ಇಷ್ಟೇ: ದೊಡ್ಡ ರಸ್ತೆಯಲ್ಲಿ ಕಾರು ಹಿಂದಿನಿಂದ ಹಾರ್ನ್ ಹೊಡೆಯುತ್ತಾ ಮೊಣಕೈ ಸವರಿಕೊಂಡು ಹೋದಾಗ ನಿಮಗೆ ಏನನ್ನಿಸುತ್ತದೆ? ಅವರಲ್ಲಿ ಎಲ್ಲರಿಗೂ ಅದರ ಅನುಭವ ಇತ್ತು. ಬ್ರಿಟನ್ನಿನ ರಸ್ತೆ ಸಂಹಿತೆ 2022ರ ಜನವರಿಯಲ್ಲಿ ಇದನ್ನೇ ನಿಯಮವಾಗಿ ಬರೆದುಕೊಂಡಿತು: ಹೆಚ್ಚು ಹಾನಿ ಮಾಡಬಲ್ಲವನ ಮೇಲೆ ಹೆಚ್ಚು ಹೊಣೆ. ಲಾರಿ ಕಾರಿಗೆ, ಕಾರು ಸೈಕಲ್ಲಿಗೆ, ಸೈಕಲ್ ನಡೆಯುವವರಿಗೆ.

ಸರಪಳಿ ಹಾಕಿದರೆ?

ಅರ್ಜಿಗೆ ಅಷ್ಟರಲ್ಲಿ ಸುಮಾರು ಸಹಿ ಬಿದ್ದಿತ್ತು. ಸಹಿ ಹಾಕಿದವರ ಭಯ ಸುಳ್ಳಲ್ಲ. ನಮ್ಮ ಊರುಗಳಲ್ಲಿ ಹಿರಿಯರಿಗೆ ಹೆದರದೆ ನಡೆಯಲು ಉಳಿದಿರುವ ಜಾಗವೇ ಕಡಿಮೆ. ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ಅದೊಂದು ತೀರಾ ಅಗತ್ಯದ ಮಾತು. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಕ್ಕೆ ಸತ್ತ 1,68,491 ಜನರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು.

ಆದರೆ ಅವರನ್ನು ಕೊಂದದ್ದು ಬಹುಪಾಲು ಮೋಟಾರು ವಾಹನ. ಏರಿಯಿಂದ ಮಕ್ಕಳನ್ನು ಹೊರಗೆ ಹಾಕಿದರೆ ಅವರು ಹೋಗಿ ಸೇರುವುದು ಅದೇ ವಾಹನಗಳ ನಡುವಿಗೆ. ಇಲ್ಲಿನ ಮೂಳೆ ಮುರಿತ ತಪ್ಪಿಸಲು ಅಲ್ಲಿ ಜೀವ ಪಣಕ್ಕಿಡುವುದು ನ್ಯಾಯವಲ್ಲ ಎಂದು ಟೀಚರೇ ಹೇಳಿದರು. ಕೈಗೆ ಪ್ಲಾಸ್ಟರ್ ಕಟ್ಟಿಕೊಂಡು ಅವರು ಹೇಳಿದ್ದರಿಂದ ಆ ಮಾತಿಗೆ ತೂಕ ಬಂತು. ಜಪಾನಿನಲ್ಲಿ ಸೈಕಲ್ಲು ರಸ್ತೆಯಲ್ಲೇ ಹೋಗಬೇಕೆಂಬುದು ನಿಯಮ, ಆದರೆ 13 ವರ್ಷದೊಳಗಿನ ಮಕ್ಕಳು ಮತ್ತು 70 ತುಂಬಿದವರು ಫುಟ್‌ಪಾತ್ ಬಳಸಬಹುದು. ನಡೆಯುವವರಿಗೆ ಅಡ್ಡಿಯಾಗುವಂತಿದ್ದರೆ ನಿಲ್ಲಬೇಕು. ರಸ್ತೆಯಲ್ಲಿ ಉಳಿಯಲಾರದವರಿಗೆ ಜಾಗ ಕೊಡುವುದು, ಆ ಜಾಗ ನಡೆಯುವವರದು ಎಂಬುದನ್ನು ಮರೆಯದಿರುವುದು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದು ಎನ್ನುವುದಕ್ಕೆ ಅದೊಂದು ಉದಾಹರಣೆಯಾಗಿ ನಮಗೆ ಸಿಕ್ಕಿತು.

ಸರಪಳಿಯ ಯೋಚನೆ ಪೂರ್ತಿ ಬಿದ್ದುಹೋದದ್ದು ಮೂರು ಗಾಲಿ ಸೈಕಲ್ಲಿನವರು ಸಭೆಗೆ ಬಂದಾಗ. ‘ಸರಪಳಿ ಹಾಕಿದ್ರೆ ಎತ್ತಿ ದಾಟಿಸೋಕೆ ನಂಗೆ ದಿನಾ ಇಬ್ಬರು ಬೇಕು’ ಎಂದರು. ಅವರು ಇಳಿದು ತಳ್ಳುವವರಲ್ಲ, ಆ ಸೈಕಲ್ಲೇ ಅವರಿಗೆ ಕಾಲು. ಅವರನ್ನು ನಡೆಯುವವರ ಲೆಕ್ಕಕ್ಕೆ ಸೇರಿಸಬೇಕು ಎಂದು ಸಭೆ ಒಪ್ಪಿತು.

ಒಪ್ಪಿಕೊಂಡದ್ದು

ನಿಯಮಗಳನ್ನು ಮಕ್ಕಳೇ ಕೂತು ಬರೆಯಲಿ ಎಂದು ಟೀಚರ್ ಸೂಚಿಸಿದರು. ಅವರು ಬರೆದದ್ದು ನಾವು ಬರೆಯುತ್ತಿದ್ದುದಕ್ಕಿಂತ ಕಟ್ಟುನಿಟ್ಟಾಗಿತ್ತು. ಜನ ಇರುವಲ್ಲಿ ನಡಿಗೆಯ ವೇಗ. ತೂಬಿನ ಐದಡಿಯಲ್ಲಿ ಇಳಿದು ತಳ್ಳುವುದು. ಇಬ್ಬರು ಅಕ್ಕಪಕ್ಕ ತುಳಿಯುವಂತಿಲ್ಲ. ಕೈ ಚಾಚಿದಷ್ಟು ಅಂತರ ಸಿಗದಿದ್ದರೆ ಹಾದುಹೋಗುವಂತಿಲ್ಲ, ಹಿಂದೆಯೇ ನಿಧಾನ ಬರಬೇಕು. ಮಳೆಗಾಲ ಶುರುವಾಗುವ ಮುಂಚೆ ಬ್ರೇಕ್ ರಬ್ಬರ್ ನೋಡಿಸಬೇಕು. ಬೆಳಗಿನ ಮಬ್ಬಿನಲ್ಲಿ ಮುಂದೆ ಬಿಳಿ, ಹಿಂದೆ ಕೆಂಪು ದೀಪ. ಪೇಟೆಯ ಸೈಕಲ್ ರಿಪೇರಿಯವರೊಬ್ಬರು ಒಂದು ಭಾನುವಾರ ಏರಿಯ ಬುಡದಲ್ಲೇ ಕೂತು ಎಲ್ಲ ಮಕ್ಕಳ ಸೈಕಲ್ಲಿನ ಬ್ರೇಕ್ ನೋಡಿಕೊಟ್ಟರು. ಸವೆದ ರಬ್ಬರಿನ ರಾಶಿ ಕಂಡು ಹಲವು ಅಪ್ಪಂದಿರಿಗೆ ಗಾಬರಿಯಾಯಿತು.

ಹೆಚ್ಚು ಹೊತ್ತು ಚರ್ಚೆಯಾದದ್ದು ಬೆಲ್. ಬಿಟ್ಟೇಬಿಡುವುದು ಎಂದರು ಕೆಲವರು. ಅದು ಸರಿಯಲ್ಲ, ಸದ್ದೇ ಇಲ್ಲದೆ ಪಕ್ಕದಲ್ಲಿ ಸರ್ರೆಂದು ಹೋಗುವ ಸೈಕಲ್ ಇನ್ನೂ ಹೆದರಿಸುತ್ತದೆ. ಬದಲಿಗೆ ಬಾಯಲ್ಲಿ ಹೇಳಿ ನೋಡಿದೆವು. ‘ಬಲಗಡೆಯಿಂದ ಬರ್ತಾ ಇದೀನಿ’ ಎಂದರೆ ಕೆಲವರು ಬಲ ಎಂಬುದನ್ನಷ್ಟೇ ಕೇಳಿಸಿಕೊಂಡು ಬಲಕ್ಕೇ ಸರಿದರು. ಕೊನೆಗೆ ನಿಂತ ಪದ್ಧತಿ ಇದು: ದೂರದಿಂದ, ಮೂವತ್ತು ಹೆಜ್ಜೆಗೂ ಆಚೆಯಿಂದ, ಒಂದೇ ಒಂದು ಸಲ ಬೆಲ್. ಅದು ಇದ್ದೇನೆ ಎಂದು ತಿಳಿಸಲಿಕ್ಕೆ. ಹತ್ತಿರ ಬಂದ ಮೇಲೆ ಬೆಲ್ ಇಲ್ಲ; ನಡಿಗೆಯ ವೇಗಕ್ಕೆ ಇಳಿದು ‘ನಮಸ್ಕಾರ, ಸೈಕಲ್ ಇದೆ’ ಎನ್ನುವುದು. ಅವರು ತಿರುಗಿ ನೋಡಿ, ಎತ್ತ ಸರಿಯಬೇಕೆಂದು ತಾವೇ ತೀರ್ಮಾನಿಸಿ ಸರಿದ ಮೇಲೆ ಮುಂದಕ್ಕೆ. ಸರಿಯದಿದ್ದರೆ ಹಿಂದೆಯೇ. ಇಡೀ ಏರಿಯನ್ನು ಹೀಗೆ ದಾಟಿದರೂ ಟ್ಯೂಷನ್ನಿಗೆ ತಡವಾಗುವುದು ಹತ್ತು ನಿಮಿಷ. ಅಷ್ಟು ಬೇಗ ಮನೆ ಬಿಡಬೇಕು, ಬೇರೆ ದಾರಿಯಿಲ್ಲ.

ವಾಕಿಂಗಿನವರು ತಮ್ಮ ಕಡೆಯಿಂದ ನಾಯಿಯನ್ನು ಗಿಡ್ಡ ಹಗ್ಗದಲ್ಲಿ ಹಿಡಿಯುವುದು, ತೂಬಿನ ಹತ್ತಿರ ಗುಂಪಾಗಿ ನಿಂತು ಮಾತಾಡದಿರುವುದು ಒಪ್ಪಿಕೊಂಡರು. ಇದು ಅವರ ಸೌಜನ್ಯ. ಮಕ್ಕಳ ಕರ್ತವ್ಯಕ್ಕೆ ಇದು ಷರತ್ತಲ್ಲ ಎಂದು ಬೇರೆಯಾಗಿ ಬರೆಸಿದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಮುಂದಿನ ಅಪಘಾತದ ದಿನ ಮತ್ತೆ ‘ಅವರು ಸರಿಯಲಿಲ್ಲ’ ಎಂಬಲ್ಲಿಗೇ ಬರುತ್ತೇವೆ.

ಆಮೇಲೆ

ಮಕ್ಕಳು ಬೇಗ ಬದಲಾದರು. ಕಷ್ಟ ಕೊಟ್ಟವರು ದೊಡ್ಡವರು, ಅದೂ ನನ್ನ ಬಳಗದವರೇ. ಕೈಮರ ಎಂಬ ಜಾಗದ ಮೂಲಕ ಹತ್ತಿ ಮುಳ್ಳಯ್ಯನಗಿರಿಯ ಕಡೆ ಹೋಗಿ ಬರುವ ಹವ್ಯಾಸಿಗಳು ವಾಪಸು ಬರುವಾಗ ಏರಿಯನ್ನು ಅಡ್ಡದಾರಿ ಮಾಡಿಕೊಂಡಿದ್ದರು. 1,930 ಮೀಟರ್ ಎತ್ತರದ ಆ ಬೆಟ್ಟಕ್ಕಿಂತ ಊರು 800 ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ. ಅಷ್ಟು ಹೊತ್ತು ಇಳಿಜಾರಿನ ವೇಗಕ್ಕೆ ಒಗ್ಗಿದ ಕಣ್ಣಿಗೆ 25 ಕಿಲೋಮೀಟರ್ ವೇಗ ತೆವಳಿದ ಹಾಗೆ ಕಾಣುತ್ತದೆ. ನಡೆಯುವವರ ಪಕ್ಕದಲ್ಲಿ ಅದು ಗುಂಡು. ತಮ್ಮ ಹಿಡಿತ ಚೆನ್ನಾಗಿದೆ, ತಾವು ಯಾರಿಗೂ ತಾಗಿಸುವುದಿಲ್ಲ ಎಂದು ಅವರು ವಾದಿಸಿದರು. ತಾಗದಿರುವುದು ಸಾಲದು. ಪಕ್ಕದಲ್ಲಿ ಹಾದುಹೋದವನ ಗಾಳಿಗೆ ಬೆಚ್ಚಿದ ಹಿರಿಯರು ಮರುದಿನ ಮನೆಯಲ್ಲೇ ಉಳಿದರೆ ಅದೂ ನಾವು ಮಾಡಿದ ಹಾನಿಯೇ.

ಅವರಿಗೆ ದೊಡ್ಡ ರಸ್ತೆಯಲ್ಲಿ ತುಳಿಯುವ ಕಸುವು, ಅನುಭವ, ಹೆಲ್ಮೆಟ್ಟು, ದೀಪ ಎಲ್ಲ ಇದೆ. ಆದ್ದರಿಂದ ದೊಡ್ಡವರು ಏರಿಯನ್ನು ಪೂರ್ತಿ ಬಿಡಬೇಕು, ಬಂದರೆ ಇಳಿದು ತಳ್ಳಬೇಕು ಎಂದು ಪಟ್ಟು ಹಿಡಿದೆ. ಬಳಗದಲ್ಲಿ ಇಬ್ಬರು ಮಾತು ಬಿಟ್ಟರು, ಉಳಿದವರು ಒಪ್ಪಿದರು. ಸವಾರಿಯ ದಾರಿ, ವೇಗ ದಾಖಲಿಸುವ ಸ್ಟ್ರಾವಾ ಎಂಬ ಮೊಬೈಲ್ ಆ್ಯಪ್‌ನಲ್ಲಿ ಯಾರೋ ಏರಿಯನ್ನು ವೇಗದ ಪೈಪೋಟಿಯ ತುಣುಕಾಗಿ ಗುರುತು ಹಾಕಿದ್ದರು. ಅದನ್ನು ಅಪಾಯಕಾರಿ ಎಂದು ವರದಿ ಮಾಡಿದೆವು. ಹಾಗೆ ಗುರುತಾದ ತುಣುಕಿಗೆ ಸ್ಪರ್ಧೆಯ ಪಟ್ಟಿ ಕಾಣಿಸುವುದಿಲ್ಲ. ಸಣ್ಣ ಕೆಲಸ, ಆದರೆ ಭಾನುವಾರದ ನುಗ್ಗಾಟ ಇಳಿದದ್ದರಲ್ಲಿ ಅದರ ಪಾಲು ದೊಡ್ಡದಿದೆ ಎಂದು ನಂಬಿದ್ದೇನೆ. ನಿಮ್ಮ ಊರಿನ ಕೆರೆ ದಾರಿಯ ಮೇಲೂ ಇಂಥದ್ದಿದೆಯೇ ಎಂದು ಒಮ್ಮೆ ನೋಡಿ.

ಬ್ಯಾಟರಿ ಸೈಕಲ್ಲಿನ ವಿಷಯ ಇನ್ನೂ ಕಗ್ಗಂಟು. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇದ್ದು, ಪರೀಕ್ಷಾ ಸಂಸ್ಥೆಯ ಒಪ್ಪಿಗೆಯೂ ಇದ್ದರೆ ಅದು ಮೋಟಾರು ವಾಹನವಲ್ಲ. ಏರಿ ಮೇಲೆ ಬರುವ ಕೆಲವು ಗಾಡಿಗಳು ಇದಕ್ಕಿಂತ ಜೋರಾಗಿ ಓಡುವುದು ನೋಡಿದರೇ ಗೊತ್ತಾಗುತ್ತದೆ. ಪೆಡಲ್ ಇದೆ ಎಂಬ ಒಂದೇ ಕಾರಣಕ್ಕೆ ಅವರು ತಮ್ಮನ್ನು ಸೈಕಲ್ ಎಂದುಕೊಳ್ಳುತ್ತಾರೆ. ಅವರಿಗೂ ನಡಿಗೆಯ ವೇಗವೇ ನಿಯಮ, ಅದನ್ನು ಪಾಲಿಸುವವರು ಅರ್ಧಕ್ಕರ್ಧ.

ಪ್ಲಾಸ್ಟರ್ ತೆಗೆದ ಮೇಲೆ ಟೀಚರ್ ಮತ್ತೆ ವಾಕಿಂಗ್ ಶುರು ಮಾಡಿದರು. ಮೊದಲು ಹೆದ್ದಾರಿಯ ಕಡೆಯ ತುದಿಯಲ್ಲೇ ಓಡಾಡಿ ಹಿಂದಿರುಗುತ್ತಿದ್ದರು, ಈಗ ತೂಬಿನ ತನಕ ಹೋಗುತ್ತಾರೆ. ಹುಡುಗ ಅವರ ಹತ್ತಿರ ಕನ್ನಡ ವ್ಯಾಕರಣ ಹೇಳಿಸಿಕೊಳ್ಳಲು ವಾರಕ್ಕೆರಡು ಸಲ ಬರುತ್ತಾನೆ. ಅದು ಅವರಿಬ್ಬರ ನಡುವೆ ಆದ ಏರ್ಪಾಟು.

ನಗರಸಭೆಗೆ ಕೊಟ್ಟ ಹೊಸ ಅರ್ಜಿಯಲ್ಲಿ ಸರಪಳಿಯ ಮಾತಿಲ್ಲ. ಕೋಡಿಯ ಹತ್ತಿರ ದಾರಿಗೆ ಸುರಿದಿದ್ದ ಜಲ್ಲಿ ರಾಶಿ ತೆಗೆಸುವುದು, ನಾಲ್ಕು ದೀಪ, ತೂಬಿನ ಮೇಲಿನ ಭಾಗವನ್ನು ಆರಡಿಗಾದರೂ ಅಗಲಿಸುವುದು ಎಂದು ಕೇಳಿದ್ದೇವೆ. ನಡೆಯುವ ದಾರಿ ಕನಿಷ್ಠ 1.8 ಮೀಟರ್, ಅಂದರೆ ಸುಮಾರು ಆರಡಿ ಇರಬೇಕು ಎಂದು ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯೇ ಹೇಳುತ್ತದೆ. ಜಲ್ಲಿ ಹೋಯಿತು, ದೀಪ ಎರಡು ಬಂದವು. ತೂಬು ಇನ್ನೂ ಐದಡಿಯೇ ಇದೆ. ಸ್ಕೂಟರ್ ತಡೆಯಲು ತುದಿಗಳಲ್ಲಿ ಗೂಟ ನೆಡುವಾಗ ಮೂರು ಗಾಲಿ ಸೈಕಲ್ಲು ದಾಟುವಷ್ಟು ನಡುವೆ ಬಿಡಿಸಿದೆವು. ಆ ಸಂದಿನಲ್ಲಿ ಸ್ಕೂಟರೂ ನುಗ್ಗುತ್ತದೆ ಎಂದು ಕೆಲವರ ದೂರು. ನುಗ್ಗುತ್ತದೆ, ನಿಜ. ಸಂದು ಕಿರಿದು ಮಾಡುವುದು ಬೇಡ ಎಂದು ಹಿಂದಿನ ಸಭೆಯಲ್ಲಿ ಕೈ ಎತ್ತಿದವರಲ್ಲಿ ನಾನೂ ಒಬ್ಬ. ಅದಕ್ಕೆ ಬದಲಾಗಿ ಬೆಳಿಗ್ಗೆ ಆರರಿಂದ ಎಂಟರ ತನಕ ವಾಕಿಂಗಿನವರಲ್ಲಿ ಇಬ್ಬರು ಸರದಿಯಂತೆ ಆ ತುದಿಯಲ್ಲಿ ನಿಂತು ಸ್ಕೂಟರಿನವರನ್ನು ವಾಪಸು ಕಳಿಸುತ್ತಿದ್ದಾರೆ.